ತೋಮಿಯೋಕಾದ ಎದುರುಮನೆ

"ನನ್ನ ಜೊತೆ ನಮ್ಮೂರಿಗೆ ಬರ್ತೀಯಾ?" ಅಂತ ಅವಳು ಕೇಳಿದ್ದು ಮಧ್ಯಾಹ್ನದ ಊಟದ ಹೊತ್ತಿಗೆ, ನನ್ನ ಡಬ್ಬಿಯ ಚಟ್ನಿಪುಡಿಯನ್ನು ತನ್ನ ಅನ್ನದ ಮೇಲೆ ಉದುರಿಸಿಕೊಳ್ಳುತ್ತಾ. ಟೋಕಿಯೋದ ಆಫೀಸಿನಲ್ಲಿ ಮೂರು ವರ್ಷದಿಂದ ಅಕ್ಕಪಕ್ಕ ಕೂರುತ್ತೇವೆ. ಅವಳ ಊರು ಇವಾಕಿ ಅಂತಲೇ ನಾನು ತಿಳಿದಿದ್ದೆ, ಅವಳೇ ಹಾಗೆ ಹೇಳಿದ್ದಳು. ಆ ದಿನ ಮೊದಲ ಸಲ, "ಇವಾಕಿ ಅಲ್ಲ, ತೋಮಿಯೋಕಾ" ಅಂದಳು. ಯಾಕೆ ಇಷ್ಟು ದಿನ ಸುಳ್ಳು ಹೇಳಿದೆ ಅಂತ ನಾನು ಕೇಳಲಿಲ್ಲ. ಫುಕುಶಿಮಾದ ಅಣುಸ್ಥಾವರದ ಪಕ್ಕದ ಊರು ಅದು ಅಂತ ಗೊತ್ತಿತ್ತು.

ನನಗೆ ಗೊತ್ತಿರೋದಕ್ಕೆ ಒಂದು ಕಾರಣ ಇದೆ. ನಾನು ಕದ್ರಾ ಕಡೆಯವಳು. ಕಾಳಿ ನದಿ, ಮಲ್ಲಾಪುರದ ಟೌನ್‌ಶಿಪ್ಪು, ಅದರಾಚೆ ಕಾಡಿನೊಳಗೆ ಕೈಗಾ. 1989ರಲ್ಲಿ ಶಿವರಾಮ ಕಾರಂತರು ಕೈಗಾ ಬೇಡ ಅಂತ ಲೋಕಸಭೆ ಚುನಾವಣೆಗೆ ನಿಂತು ಸೋತಿದ್ದನ್ನು ನಮ್ಮಜ್ಜ ಬೇಸರದಿಂದ ಹೇಳುತ್ತಿದ್ದರು. ಅದೇ ಮನೆಯಲ್ಲಿ ಚಿಕ್ಕಪ್ಪ ಸ್ಥಾವರದ ಗುತ್ತಿಗೆ ಕೆಲಸಕ್ಕೆ ಹೋಗಿ ಮನೆ ನಡೆಸಿದರು. ಶಾಲೆಯಲ್ಲಿ ಅಣಕು ಕಾರ್ಯಾಚರಣೆ ಅಂತ ಒಂದು ದಿನ ಕಿಟಕಿ ಬಾಗಿಲು ಹಾಕಿ ನಮ್ಮನ್ನೆಲ್ಲ ಒಳಗೆ ಕೂರಿಸಿದ್ದರು. ನಮಗದು ಪಾಠ ಇಲ್ಲದ ದಿನ ಅಷ್ಟೇ. 2011ರ ಮಾರ್ಚಿನಲ್ಲಿ ಟೀವಿಯಲ್ಲಿ ಫುಕುಶಿಮಾದ ಕಟ್ಟಡ ಹಾರಿಹೋಗುವುದನ್ನು ನೋಡುತ್ತಾ ಅಮ್ಮ ಕೈಯಲ್ಲಿದ್ದ ಸೌಟು ಹಿಡಿದುಕೊಂಡೇ ನಿಂತುಬಿಟ್ಟಿದ್ದರು. ಆಮೇಲೆ ಸುಮಾರು ದಿನ ನಮ್ಮ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ.

ಹಾಗಾಗಿ ಬರ್ತೀನಿ ಅಂದೆ. 2025ರ ಏಪ್ರಿಲ್ 11ರ ಶುಕ್ರವಾರ ರಜೆ ಹಾಕಿ ಹೊರಟೆವು.

ಶುಕ್ರವಾರ: ಚೆರ್ರಿ ಮರಗಳ ಕೆಳಗೆ

ಉಯೆನೊದಿಂದ ಹಿತಾಚಿ ಎಕ್ಸ್‌ಪ್ರೆಸ್. ಸೆಂದೈವರೆಗೆ ಹೋಗುವ ಗಾಡಿಯೇ ಆಗಬೇಕು, ಜಾಸ್ತಿ ಗಾಡಿಗಳು ಇವಾಕಿಯಲ್ಲೇ ನಿಂತುಬಿಡುತ್ತವೆ. ಸೀಟು ಬಲಗಡೆ ಕಿಟಕಿಯದೇ ಹಿಡಿಯಿರಿ, ಇವಾಕಿ ದಾಟಿದ ಮೇಲೆ ಸುರಂಗಗಳ ನಡುವೆ ಒಮ್ಮೊಮ್ಮೆ ಸಮುದ್ರ ಕಾಣುತ್ತದೆ. ಕಾರವಾರದ ಹಾದಿಯಲ್ಲಿ ಕೊಂಕಣ ರೈಲಿನಲ್ಲಿ ಹೋದಹಾಗೆಯೇ. ಕಂಡ ತಕ್ಷಣ ಮತ್ತೆ ಕತ್ತಲು.

ಅವಳು ಕಿಟಕಿ ಪಕ್ಕ ಕೂರಲಿಲ್ಲ. ನೀನೇ ನೋಡು ಅಂದಳು.

ತೋಮಿಯೋಕಾ ನಿಲ್ದಾಣ ಸಮುದ್ರಕ್ಕೆ ತೀರಾ ಹತ್ತಿರ. ಹಳೆಯ ನಿಲ್ದಾಣವನ್ನು ಸುನಾಮಿ ಕೊಚ್ಚಿಕೊಂಡು ಹೋಯಿತು, ಈಗಿನದು ಹೊಸದು. ಈ ಜೋಬಾನ್ ಮಾರ್ಗ ಪೂರ್ತಿ ಮತ್ತೆ ಶುರುವಾಗಿದ್ದು 2020ರ ಮಾರ್ಚ್ 14ಕ್ಕೆ, ಅಂದರೆ ಒಂಬತ್ತು ವರ್ಷ ನಡುವಿನ ತುಂಡು ಇರಲೇ ಇಲ್ಲ. ಇಳಿದಾಗ ಗಾಳಿ ಜೋರಾಗಿತ್ತು, ಉಪ್ಪಿನ ವಾಸನೆ. ಚೀಲಗಳನ್ನು ತಂಗುವ ಜಾಗದಲ್ಲಿ ಇಟ್ಟು, ಒಂದು ಸ್ಟೇಷನ್ ಮುಂದಕ್ಕೆ, ತೋಮಿಯೋಕಾದ್ದೇ ಭಾಗವಾದ ಯೊನೊಮೊರಿಗೆ ಹೋದೆವು.

ಯೊನೊಮೊರಿ ಅಂದರೆ ಚೆರ್ರಿ ಮರಗಳು. ರಸ್ತೆಯ ಎರಡೂ ಕಡೆ ಸಾಲುಮರ, ಮೇಲೆ ಕೊಂಬೆಗಳು ಒಂದನ್ನೊಂದು ಮುಟ್ಟಿ ಹೂವಿನ ಚಪ್ಪರ. ಎರಡು ಕಿಲೋಮೀಟರಿಗಿಂತ ಜಾಸ್ತಿ ಉದ್ದ. ನಾವು ಹೋದಾಗ ಹೂವು ಉದುರಲು ಶುರುವಾಗಿತ್ತು. ನಾಯಿ ಕರೆದುಕೊಂಡು ಬಂದ ಒಂದಿಬ್ಬರು, ಕ್ಯಾಮೆರಾ ಹಿಡಿದ ಮುದುಕರು ನಾಲ್ಕು ಜನ, ಅಷ್ಟೇ. ಮರದ ಸಾಲಿನ ನಡುವೆ ಒಂದು ಕಂಬ, ಅದರ ಮೇಲೆ ಕೆಂಪು ಅಂಕಿ. ಗಂಟೆಗೆ ಎಷ್ಟು ಮೈಕ್ರೋಸೀವರ್ಟ್ ವಿಕಿರಣ ಅಂತ ತೋರಿಸುವ ಯಂತ್ರ. ನಮ್ಮೂರಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಗಡಿಯಾರ ಇದ್ದಹಾಗೆ ಇಲ್ಲಿ ಎಲ್ಲಿ ನೋಡಿದರೂ ಇದು. ಮಣ್ಣು ಕೆರೆದು ಶುಚಿ ಮಾಡುವಾಗ ಸರ್ಕಾರ ಇಟ್ಟುಕೊಂಡ ಲೆಕ್ಕ 0.23. ಅದಕ್ಕಿಂತ ಕಡಿಮೆ ಇದ್ದರೆ ಸರಿ ಅಂತ. ಅವಳು ನೋಡಿದ್ದೇ, "ಪರವಾಗಿಲ್ಲ, 0.23ರ ಒಳಗಿದೆ" ಅಂದಳು. ಮಳೆ ಬರಲ್ಲ ಅಂತ ಮೋಡ ನೋಡಿ ಹೇಳುವ ದನಿ ಅದು.

ಅಲ್ಲಿಂದ ಒಂದು ಅಡ್ಡರಸ್ತೆಗೆ ತಿರುಗಿದಳು. ನಡಿಗೆ ನಿಧಾನ ಆಯ್ತು.

"ಇದು ನಮ್ಮ ಮನೆ" ಅಂದಳು. ಖಾಲಿ ಸೈಟು. ಮೊಳಕಾಲುದ್ದ ಹುಲ್ಲು, ಮೂಲೆಯಲ್ಲಿ ನೀರಿನ ಮೀಟರಿನ ನೀಲಿ ಮುಚ್ಚಳ. "ಅದು ಅವಳ ಮನೆ" ಅಂತ ಎದುರಿಗೆ ತೋರಿಸಿದಳು. ಅದೂ ಖಾಲಿ ಸೈಟು. ನಡುವೆ ರಸ್ತೆ. ನಾನು ಹೆಜ್ಜೆ ಹಾಕಿ ನೋಡಿದೆ, ಏಳು ಹೆಜ್ಜೆ.

ಆ "ಅವಳು" ಯಾರು ಅಂತ ಅಲ್ಲೇ ರಸ್ತೆ ಅಂಚಿಗೆ ಕೂತು ಹೇಳಿದಳು. ಒಂದೇ ತರಗತಿ, ಒಂದೇ ಬೆಂಚು, ಸೈಕಲ್ಲಿನಲ್ಲಿ ಒಟ್ಟಿಗೆ ಶಾಲೆಗೆ. ಇವಳ ಅಮ್ಮ ಮಾಡಿದ ಪಲ್ಯ ಆ ಮನೆಗೆ, ಆ ಅಜ್ಜಿ ಬೆಳೆದ ಮೂಲಂಗಿ ಈ ಮನೆಗೆ. ನಾನು ಈ ಬರಹದಲ್ಲಿ ಅವಳನ್ನು ಎದುರುಮನೆಯವಳು ಅಂತಲೇ ಕರೀತೀನಿ.

2011ರ ಮಾರ್ಚ್ 11, ಶುಕ್ರವಾರ. ಆ ದಿನ ಬೆಳಿಗ್ಗೆ ಅವರ ಮಿಡ್ಲ್ ಸ್ಕೂಲಿನ ಬೀಳ್ಕೊಡುಗೆ. ಹದಿನೈದು ವರ್ಷದ ಮಕ್ಕಳು, ನಮ್ಮ ಲೆಕ್ಕದಲ್ಲಿ ಹತ್ತನೇ ಕ್ಲಾಸು ಅಂತ ಇಟ್ಟುಕೊಳ್ಳಿ. ಹಾಡು, ಅಳು, ಫೋಟೋ ಎಲ್ಲ ಮುಗಿಸಿ, ಕೈಯಲ್ಲಿ ಹೊಸ ಆಲ್ಬಮ್ ಹಿಡಿದು ಮನೆಗೆ ಬಂದಿದ್ದಾರೆ. ಆಲ್ಬಮ್ಮಿನ ಕೊನೆಯಲ್ಲಿ ಖಾಲಿ ಹಾಳೆಗಳು ಇರುತ್ತವೆ, ಗೆಳೆಯರು ಬರೆದುಕೊಡೋದಕ್ಕೆ. ನಮ್ಮಲ್ಲಿ ಆಟೋಗ್ರಾಫ್ ಪುಸ್ತಕ ಇರ್ತಿತ್ತಲ್ವಾ, ಅದೇ. ಎಲ್ಲರೂ ಶಾಲೆಯಲ್ಲೇ ನುಗ್ಗಾಡಿ ಬರೆಸಿಕೊಳ್ಳುತ್ತಿದ್ದರೆ ಇವರಿಬ್ಬರು ಮಾತ್ರ ಬರೆಯಲಿಲ್ಲ. ಎದುರುಮನೆ ತಾನೆ, ನಾಳೆ ನಿಧಾನಕ್ಕೆ ಕೂತು ಉದ್ದಕ್ಕೆ ಬರೆಯೋಣ ಅಂತ.

ಮಧ್ಯಾಹ್ನ 2.46ಕ್ಕೆ ಭೂಮಿ ನಡುಗಿತು. ಸಂಜೆ ಕರೆಂಟಿಲ್ಲ, ರಾತ್ರಿಯೆಲ್ಲ ಮರುಕಂಪನ. ಯೊನೊಮೊರಿಯಿಂದ ಸ್ಥಾವರಕ್ಕೆ ಹತ್ತು ಕಿಲೋಮೀಟರೂ ಇಲ್ಲ. ಅಲ್ಲಿ ಅಲೆ ನುಗ್ಗಿ ಡೀಸೆಲ್ ಜನರೇಟರುಗಳು ಮುಳುಗಿ, ರಿಯಾಕ್ಟರುಗಳನ್ನು ತಂಪು ಮಾಡುವ ನೀರು ನಿಂತುಹೋಗಿತ್ತು ಅನ್ನೋದು ಇವರಿಗೆ ಗೊತ್ತಿಲ್ಲ. ಮರುದಿನ ಬೆಳಕು ಹರಿಯುವಾಗ ಹತ್ತು ಕಿಲೋಮೀಟರ್ ಒಳಗಿನವರು ಜಾಗ ಬಿಡಿ ಅಂತ ಆದೇಶ. ಊರಿನ ಧ್ವನಿವರ್ಧಕದಲ್ಲಿ ಕವಾಉಚಿ ಹಳ್ಳಿಗೆ ಹೋಗಿ ಅಂತ ಕೂಗಿದರು. ಗುಡ್ಡದ ಒಂದೇ ರಸ್ತೆ, ಇಡೀ ಊರಿನ ಕಾರುಗಳು. ಎರಡು ಮೂರು ದಿನದಲ್ಲಿ ವಾಪಸ್ ಬರ್ತೀವಿ ಅಂತ ಹೊರಟವರು. ಪರ್ಸು, ಒಂದು ಜೊತೆ ಬಟ್ಟೆ, ನಾಯಿಗೆ ಎರಡು ದಿನದ ಅನ್ನ.

ಆಲ್ಬಮ್ ಮೇಜಿನ ಮೇಲೆ ಉಳಿಯಿತು.

ನಾವು ಹಾಗೆ ಕೂತಿದ್ದಾಗ ಮೇಲಿನ ಮನೆಯಿಂದ ಒಬ್ಬ ಅಜ್ಜಿ ಕೈಗಾಡಿ ತಳ್ಳಿಕೊಂಡು ಬಂದರು. ಆ ಸಾಲಿನಲ್ಲಿ ಜನ ಇದ್ದದ್ದು ಅದೊಂದೇ ಮನೆಯಲ್ಲಿ. ಯೊನೊಮೊರಿಯ ಎಲ್ಲ ಕಡೆ ಅಲ್ಲದಿದ್ದರೂ ಒಂದು ಭಾಗಕ್ಕೆ ವಾಪಸ್ ಬಂದು ಇರಬಹುದು ಅಂತ ಆಗಿದ್ದೇ 2023ರ ಏಪ್ರಿಲ್‌ನಲ್ಲಿ. ಮೊದಲು ಇಡೀ ಊರಲ್ಲಿ ಹದಿನಾರು ಸಾವಿರದಷ್ಟು ಜನ ಇದ್ದರಂತೆ, ಈಗ ಅದರ ಒಂದು ಸಣ್ಣ ಪಾಲು. ಗಾಡಿಯಲ್ಲಿ ಆಗ ತಾನೆ ಕಿತ್ತ ಕಳಲೆ, ನಾಲ್ಕೈದು ದಪ್ಪ ಮೊಳಕೆ, ಬುಡದಲ್ಲಿ ಹಸಿ ಮಣ್ಣು. ನನಗೆ ಕಳಲೆ ಕಂಡದ್ದೇ ಊರು ನೆನಪಾಗಿ, ನಮ್ಮಲ್ಲೂ ಇದರ ಪಲ್ಯ, ಉಪ್ಪಿನಕಾಯಿ ಮಾಡ್ತೀವಿ ಅಜ್ಜಿ ಅಂದೆ. ಅವರ ಮುಖ ಅರಳಿತು. ಹೇಗೆ ಮಾಡ್ತೀರಿ, ಎಷ್ಟು ದಿನ ನೀರಲ್ಲಿ ಇಡ್ತೀರಿ ಅಂತ ಎಲ್ಲ ಕೇಳಿದರು. ಒಂದನ್ನು ಎತ್ತಿ ನನ್ನ ಕೈಗೆ ಕೊಡಲು ಬಂದವರು ಹಾಗೇ ತಡೆದು ಮತ್ತೆ ಗಾಡಿಯಲ್ಲಿ ಇಟ್ಟುಬಿಟ್ಟರು.

"ಇನ್ನೂ ಅಳೆಸಿಲ್ಲ. ಸೋಮವಾರ ಊರ ಕಚೇರಿಗೆ ತಗೊಂಡು ಹೋಗಿ ಅಳೆಸಬೇಕು. ಅಳೆಸದೆ ಯಾರಿಗೂ ಕೊಡಲ್ಲ ನಾನು."

ವಿಕಿರಣ ಕಿಲೋಗೆ ನೂರು ಬೆಕೆರೆಲ್ ದಾಟಿದರೆ ಮಾರುವ ಹಾಗಿಲ್ಲ. ಇವರೇನು ಮಾರುವವರಲ್ಲ. ಹಿತ್ತಲಲ್ಲಿ ಬೆಳೆದದ್ದನ್ನು ಬಂದವರ ಕೈಗೆ ಇಡೋದು ಅಜ್ಜಿಯರ ಸ್ವಭಾವ. ಆ ಕೈ ಹಿಂದಕ್ಕೆ ಹೋದದ್ದನ್ನು ನೋಡಿ ನನಗೆ ಗಂಟಲು ಕಟ್ಟಿತು. ಎಷ್ಟು ಜನ ಸತ್ತರು, ಎಷ್ಟು ಹಣ ಖರ್ಚಾಯಿತು ಅಂತ ಎಲ್ಲ ಲೆಕ್ಕ ಸಿಗುತ್ತದೆ, ಇದು ಯಾವ ಲೆಕ್ಕದಲ್ಲೂ ಬರಲ್ಲ.

ಅಜ್ಜಿ ನನ್ನ ಗೆಳತಿಯನ್ನೇ ಸ್ವಲ್ಪ ಹೊತ್ತು ನೋಡಿದರು. "ನೀನು ಈ ಮನೆ ಮಗಳಲ್ವಾ? ಸೈಕಲ್ ಬೆಲ್ ಬಾರಿಸಿ ಬಾರಿಸಿ ಬೆಳಿಗ್ಗೆ ನಿದ್ದೆ ಕೆಡಿಸುತ್ತಿದ್ದವರು ನೀವಿಬ್ಬರು." ಆಮೇಲೆ, "ಆ ಹುಡುಗಿ ಹೋದ ಭಾನುವಾರ ಬಂದಿದ್ದಳು. ಇಲ್ಲೇ, ನೀನು ಕೂತ ಜಾಗದಲ್ಲೇ ನಿಂತಿದ್ದಳು. ನಿನ್ನ ಬಗ್ಗೆ ಕೇಳಿದಳು. ನನಗೇನು ಗೊತ್ತು ಅಂದೆ."

ಗೆಳತಿ ತಲೆ ಬಗ್ಗಿಸಿ ಥ್ಯಾಂಕ್ಸ್ ಹೇಳಿದಳು. ಅಷ್ಟೇ.

ರಾತ್ರಿ ಊಟದ ಹಾಲಿನಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಎಲ್ಲರೂ ಸ್ಥಾವರ ಕಳಚುವ ಕೆಲಸಕ್ಕೆ ಬಂದವರು. ಬೇಗ ಉಂಡು ಬೇಗ ಮಲಗುವವರು. ಸಸ್ಯಾಹಾರಿಗಳಾದರೆ ಇಲ್ಲಿ ಮೊದಲೇ ಹೇಳಿಡಿ, ಮಿಸೊ ಸಾರಿಗೂ ಮೀನಿನ ನೀರೇ. ನಾನು ಅನ್ನ, ಹುರಿದ ಬದನೆಕಾಯಿ, ಊರಿನ ಚಟ್ನಿಪುಡಿ ತಿಂದೆ. ಗೆಳತಿ ಏನೂ ತಿನ್ನಲಿಲ್ಲ. ಹಾಸಿಗೆ ಮೇಲೆ ಫೋನ್ ಹಿಡಿದು ಕೂತಿದ್ದವಳು ಯಾವಾಗ ಮಲಗಿದಳೋ ನನಗೆ ಗೊತ್ತಿಲ್ಲ.

ಶನಿವಾರ: ಉಕೆದೊ ಶಾಲೆ

ಬೆಳಿಗ್ಗೆ ಎದ್ದಾಗ ಅವಳು ಹೇಳಿದ್ದು ಒಂದೇ ಮಾತು. "ಮೆಸೇಜ್ ಹಾಕಿದೆ. ಹಳೇ ಲೈನ್ ಆಪ್ ಐಡಿಗೆ. ನೋಡಿದ್ದಾಳೆ, ಉತ್ತರ ಇಲ್ಲ."

ಫುತಾಬಾಕ್ಕೆ ರೈಲು. ದಾರಿಯಲ್ಲಿ ಓಕುಮಾ. ಈ ಎರಡು ಊರುಗಳ ನೆಲದ ಮೇಲೇ ಸ್ಥಾವರ ನಿಂತಿದೆ. ಫುತಾಬಾ ನಿಲ್ದಾಣದ ಎದುರು ಬೀದಿಯೇ ಇಲ್ಲ, ಅಲ್ಲೊಂದು ಇಲ್ಲೊಂದು ಗೋಡೆ, ಗೋಡೆ ಮೇಲೆ ದೊಡ್ಡ ದೊಡ್ಡ ಬಣ್ಣದ ಚಿತ್ರ. ಇಲ್ಲಿ ಮತ್ತೆ ವಾಸ ಮಾಡಬಹುದು ಅಂತ ಆಗಿದ್ದು 2022ರ ಆಗಸ್ಟಿನಲ್ಲಿ. ಹನ್ನೊಂದು ವರ್ಷ ಒಂದು ದೀಪ ಉರಿಯದ ಊರು.

ಬಸ್ಸಿನಲ್ಲಿ ಭೂಕಂಪ, ಅಣುದುರಂತದ ನೆನಪಿನ ಮ್ಯೂಸಿಯಂಗೆ ಹೋದೆವು. ಮಂಗಳವಾರ ರಜೆ ಇರುತ್ತದೆ, ನೋಡಿಕೊಂಡು ಹೋಗಿ. ಒಳಗೆ ನಾನು ಜಾಸ್ತಿ ಹೊತ್ತು ನಿಂತದ್ದು ಒಂದು ಬೋರ್ಡಿನ ವಿಷಯ ಇದ್ದ ಕಡೆ. ಮೊದಲು ಊರಿನ ಮುಖ್ಯರಸ್ತೆಗೆ ಅಡ್ಡಲಾಗಿ ಕಮಾನಿನಂತೆ ನಿಂತಿತ್ತಂತೆ. "ಅಣುಶಕ್ತಿ, ಬೆಳಕಿನ ಭವಿಷ್ಯದ ಶಕ್ತಿ" ಅನ್ನೋ ಅರ್ಥದ ಸಾಲು. 1988ರಲ್ಲಿ ಊರವರ ಸ್ಪರ್ಧೆಗೆ ಆ ಸಾಲು ಬರೆದುಕೊಟ್ಟದ್ದು ಆರನೇ ಕ್ಲಾಸಿನ ಹುಡುಗ, ಹೋಮ್‌ವರ್ಕಿಗೆ ಅಂತ. ಹನ್ನೆರಡು ವರ್ಷದ ಹುಡುಗ ಊರಿನ ದೊಡ್ಡವರು ನಂಬಿದ್ದನ್ನೇ ಬರೆದ. ದೊಡ್ಡವನಾದ ಮೇಲೆ ಅವನೂ ಊರು ಬಿಡಬೇಕಾಯಿತು. ಆ ಬೋರ್ಡು ಕಿತ್ತುಹಾಕಬೇಡಿ, ಎಲ್ಲರೂ ನೋಡಲಿ ಅಂತ ಹೋರಾಡಿದವನೂ ಅವನೇ.

ನಮ್ಮ ಶಾಲೆಯ ಪ್ರಬಂಧ ಸ್ಪರ್ಧೆಯಲ್ಲಿ "ಅಣುಶಕ್ತಿ ಮತ್ತು ದೇಶದ ಪ್ರಗತಿ" ಅಂತ ಬರೆದು ನಾನು ಸ್ಟೀಲ್ ಡಬ್ಬಿ ಗೆದ್ದಿದ್ದೆ. ಚಟ್ನಿಪುಡಿ ತುಂಬಿ ಟೋಕಿಯೋಕ್ಕೆ ತಂದಿರೋದು ಅದರಲ್ಲೇ. ಗೆಳತಿಗೆ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡಳು, ಏನೂ ಹೇಳಲಿಲ್ಲ.

ನಾಮಿಯೆಯಲ್ಲಿ ಮಧ್ಯಾಹ್ನದ ಊಟ. ಇಲ್ಲಿನ ಯಾಕಿಸೋಬಾ ಹೆಸರುವಾಸಿ, ಬೆರಳು ದಪ್ಪದ ನೂಡಲ್ಸು, ಹಂದಿಮಾಂಸ, ರಾಶಿ ಮೊಳಕೆಕಾಳು. ಮಾಂಸ ಬೇಡ ಅಂದದ್ದಕ್ಕೆ ಅಡುಗೆಯವರು ಕನಿಕರದಿಂದ ಮೊಳಕೆಯನ್ನೇ ಎರಡು ಪಾಲು ಹಾಕಿಕೊಟ್ಟರು. ಬಿಸಿಬಿಸಿ, ಖಾರಪುಡಿ ಉದುರಿಸಿಕೊಂಡರೆ ಚೆನ್ನಾಗಿತ್ತು.

ಅಲ್ಲಿಂದ ಸಮುದ್ರದ ಕಡೆಗೆ ಬಾಡಿಗೆಯ ಬ್ಯಾಟರಿ ಸೈಕಲ್ ತಗೊಂಡದ್ದು ತಪ್ಪಾಯ್ತು. ಬ್ಯಾಟರಿ ಎಷ್ಟಿದೆ ಅಂತ ಇಬ್ಬರೂ ನೋಡಿರಲಿಲ್ಲ. ಎದುರುಗಾಳಿ. ಅರ್ಧ ದಾರಿಯಲ್ಲಿ ನನ್ನ ಸೈಕಲ್ ಸತ್ತೇ ಹೋಯ್ತು. ಬ್ಯಾಟರಿ ಸೈಕಲ್ಲು ಸುಮ್ನೆ ತುಳಿದರೆ ಎತ್ತಿನಗಾಡಿ ಎಳೆದಹಾಗೆ. ಎರಡೂ ಕಡೆ ಬಯಲು, ಒಂದು ಕಾಲಕ್ಕೆ ಗದ್ದೆ, ಮನೆ ಇದ್ದ ಜಾಗ. ತಳ್ಳಿಕೊಂಡು ಹೋಗುತ್ತಿದ್ದಾಗ ಒಂದು ಪುಟ್ಟ ಬಿಳಿ ಟ್ರಕ್ಕು ಪಕ್ಕಕ್ಕೆ ಬಂದು ನಿಂತಿತು. ಅರವತ್ತು ದಾಟಿದ ಗಂಡಸು, ರಬ್ಬರ್ ಬೂಟು. ಮಾತೇ ಆಡದೆ ಇಳಿದು ಎರಡೂ ಸೈಕಲ್ಲನ್ನು ಹಿಂದಕ್ಕೆ ಎತ್ತಿ ಹಾಕಿದರು. ಟ್ರಕ್ಕಿನಲ್ಲಿ ಬಲೆ, ಮೀನಿನ ವಾಸನೆ. ಉಕೆದೊ ಬಂದರಿನ ಮೀನುಗಾರರು.

ಮೀನು ಈಗ ಹೇಗೆ ಹೋಗ್ತಿದೆ ಅಂತ ಗೆಳತಿ ಕೇಳಿದಳು. 2023ರ ಆಗಸ್ಟಿನಿಂದ ಸ್ಥಾವರದ ಸಂಸ್ಕರಿಸಿದ ನೀರನ್ನು ಸಮುದ್ರಕ್ಕೆ ಬಿಡುತ್ತಿದ್ದಾರಲ್ಲ. "ಹೋಗುತ್ತೆ" ಅಂದರು. ಸ್ವಲ್ಪ ದೂರ ಹೋದ ಮೇಲೆ ತಾವಾಗಿಯೇ, "ನನ್ನ ಮಗ ಬಂದಿಲ್ಲ. ಸೈತಾಮಾದಲ್ಲಿ ಇದ್ದಾನೆ. ಅವನ ಗೆಳೆಯರು ಇಲ್ಲಿ ಇದ್ದಿದ್ದರೆ ಬರ್ತಿದ್ದನೇನೋ. ಒಬ್ಬನಿಗೋಸ್ಕರ ಇನ್ನೊಬ್ಬ ಕಾಯ್ತಾ ಯಾರೂ ಬರಲಿಲ್ಲ" ಅಂದರು. ನಮ್ಮನ್ನು ಶಾಲೆಯ ಬಾಗಿಲಲ್ಲಿ ಇಳಿಸಿ, ಒಂದು ಗಂಟೆ ಬಿಟ್ಟು ಇದೇ ದಾರಿಯಲ್ಲಿ ಬರ್ತೀನಿ, ಇಲ್ಲೇ ಇರಿ ಅಂದು ಹೋದರು. ನಿಜಕ್ಕೂ ಬಂದರು.

ಉಕೆದೊ ಪ್ರಾಥಮಿಕ ಶಾಲೆ ಸಮುದ್ರದಿಂದ 300 ಮೀಟರ್. ಕೆಳಗಿನ ಮಹಡಿ ಪೂರ್ತಿ ಹಾಳು. ಚಾವಣಿಯಿಂದ ತಂತಿಗಳು ಇಳಿಬಿದ್ದಿವೆ, ಗೋಡೆ ಗಡಿಯಾರ ಮೂರೂವರೆ ದಾಟಿ ನಿಂತಿದೆ. ಆ ದಿನ ಶಾಲೆಯಲ್ಲಿ 82 ಮಕ್ಕಳಿದ್ದರು. ಕಂಪನ ನಿಂತದ್ದೇ ಮೇಷ್ಟ್ರುಗಳು ಎಲ್ಲರನ್ನೂ ಒಂದೂವರೆ ಕಿಲೋಮೀಟರ್ ದೂರದ ಗುಡ್ಡಕ್ಕೆ ಓಡಿಸಿದರು. ಗುಡ್ಡದ ಬುಡದಲ್ಲಿ ದಾರಿ ಎಲ್ಲಿ ಅಂತ ದೊಡ್ಡವರು ತಡಕಾಡುತ್ತಿದ್ದಾಗ, ಬೇಸ್‌ಬಾಲ್ ಆಟದ ಅಭ್ಯಾಸಕ್ಕೆ ಅಲ್ಲಿಗೆ ಬಂದು ಗೊತ್ತಿದ್ದ ನಾಲ್ಕನೇ ಕ್ಲಾಸಿನ ಹುಡುಗ ಇಲ್ಲಿಂದ ಹತ್ತಬಹುದು ಅಂತ ತೋರಿಸಿದನಂತೆ. 82 ಮಕ್ಕಳೂ ಉಳಿದರು. ಆ ಕಡೆ ಇಳಿದಾಗ ಅವರನ್ನು ಊರಿಗೆ ಮುಟ್ಟಿಸಿದ್ದು ದಾರಿಯಲ್ಲಿ ಹೋಗುತ್ತಿದ್ದ ಒಂದು ಲಾರಿ.

ಇಷ್ಟಕ್ಕೇ ಮುಗಿದಿದ್ದರೆ ಸಂತೋಷದ ಕಥೆ. ಆದರೆ ಆ ರಾತ್ರಿ ಉಕೆದೊ ಬೀದಿಗಳ ಅವಶೇಷದ ಕೆಳಗಿಂದ ಜನರ ದನಿ ಕೇಳಿಸಿತ್ತು. ಅಗ್ನಿಶಾಮಕದವರು ಬೆಳಕಾದ ತಕ್ಷಣ ಬರ್ತೀವಿ ಅಂತ ಹೋದರು. ಬೆಳಕಾಗುವಾಗ ಹತ್ತು ಕಿಲೋಮೀಟರಿನ ಆದೇಶ ಬಂತು. ಯಾರೂ ಹೋಗುವಂತಿಲ್ಲ. ಹುಡುಕಾಟ ಮತ್ತೆ ಶುರುವಾದದ್ದು ಒಂದು ತಿಂಗಳ ನಂತರ. ಬದುಕಿ ಬಂದ ಮಕ್ಕಳು ಮನೆಯವರಿಗೆ ಏನಾಯ್ತು ಅಂತ ಗೊತ್ತಾಗಲು ಕಾದದ್ದು ಅಷ್ಟು ದಿನ. ಇದನ್ನು ಬರೆಯುವಾಗಲೂ ನನಗೆ ಕೈ ಓಡುತ್ತಿಲ್ಲ.

ಒಂದು ಕಪ್ಪುಹಲಗೆಯನ್ನು ಹಾಗೇ ಉಳಿಸಿದ್ದಾರೆ. ಹುಡುಕಲು ಬಂದ ಸೈನಿಕರು, ಊರಿನವರು, ಹಳೆಯ ವಿದ್ಯಾರ್ಥಿಗಳು ಸೀಮೆಸುಣ್ಣದಲ್ಲಿ ಬರೆದ ಮಾತುಗಳು. ಒಂದರ ಮೇಲೊಂದು, ಅಡ್ಡಡ್ಡ, ಜಾಗ ಸಿಕ್ಕಲ್ಲಿ. ಗೆಳತಿ ಒಂದೊಂದನ್ನೇ ಓದಿ ಹೇಳುತ್ತಾ ಹೋದಳು. ಸೋಲಬೇಡಿ, ವಾಪಸ್ ಬರ್ತೀವಿ, ಇಂಥ ಮಾತುಗಳು. ಓದುತ್ತಾ ಓದುತ್ತಾ ನಿಲ್ಲಿಸಿದಳು.

"ನಮ್ಮಲ್ಲಿ ಯಾರೂ ಸಾಯಲಿಲ್ಲ. ನಮ್ಮ ಕ್ಲಾಸಿನಲ್ಲಿ ಒಬ್ಬರೂ ಸಾಯಲಿಲ್ಲ. ಅದಕ್ಕೇ ನನಗೆ ದುಃಖ ಪಡೋ ಹಕ್ಕು ಇಲ್ಲ ಅನ್ನಿಸ್ತಿತ್ತು."

ಆಮೇಲೆ ಅವಳು ಹೇಳಿದ್ದು ಇಷ್ಟು. ಕವಾಉಚಿಯಿಂದ ಅವರನ್ನು ಕೊರಿಯಾಮಾದ ಬಿಗ್ ಪ್ಯಾಲೆಟ್ ಅನ್ನೋ ದೊಡ್ಡ ವಸ್ತುಪ್ರದರ್ಶನದ ಕಟ್ಟಡಕ್ಕೆ ಕರೆದುಕೊಂಡು ಹೋದರು. ರಟ್ಟಿನ ಗೋಡೆ, ತಣ್ಣನೆಯ ನೆಲ. ಎರಡೂ ಮನೆಯವರು ಅಲ್ಲೂ ಅಕ್ಕಪಕ್ಕ. ಒಂದು ಬೆಳಿಗ್ಗೆ ಎದ್ದರೆ ಎದುರುಮನೆಯವರ ಕಂಬಳಿಗಳು ಮಡಚಿಟ್ಟಿದ್ದವು. ನಂಟರ ಮನೆಗೆ ರಾತ್ರಿಯೇ ಹೋಗಿದ್ದರು. ಎಬ್ಬಿಸಿ ಹೇಳಲಿಲ್ಲ ಅನ್ನೋದು ಇವಳಿಗೆ ಮೊದಲ ನೋವು.

ಇವಳು ಯೊಕೊಹಾಮಾದ ಹೈಸ್ಕೂಲಿಗೆ ಸೇರಿದಳು. ಮೊದಲ ವಾರ ಊರಿನ ಹೆಸರು ಹೇಳಿದ್ದಕ್ಕೆ ಪಕ್ಕದ ಹುಡುಗಿ ಬೆಂಚನ್ನು ಎರಡು ಬೆರಳು ದೂರ ಎಳೆದುಕೊಂಡಳು. ಎರಡೇ ಬೆರಳು. ಅವತ್ತಿಂದ ಇವಳ ಊರು ಇವಾಕಿ. ಅದೇ ನಗರದಲ್ಲಿ ಇನ್ನೊಬ್ಬ ಫುಕುಶಿಮಾದ ಪುಟ್ಟ ಹುಡುಗನನ್ನು ರೋಗಾಣು ಅಂತ ಕರೆದು, ಪರಿಹಾರದ ದುಡ್ಡು ಇದೆಯಲ್ಲ ಅಂತ ಹಣ ಕಿತ್ತುಕೊಂಡದ್ದು 2016ರಲ್ಲಿ ಇಡೀ ದೇಶಕ್ಕೆ ಗೊತ್ತಾಯ್ತು. ಎಷ್ಟೋ ಸಲ ಸಾಯೋಣ ಅನ್ನಿಸಿತು, ಆದರೆ ಭೂಕಂಪದಲ್ಲಿ ಅಷ್ಟು ಜನ ಸತ್ತರು, ಅದಕ್ಕೇ ಕಷ್ಟ ಆದರೂ ನಾನು ಬದುಕ್ತೀನಿ ಅಂತ ಆ ಹುಡುಗ ಬರೆದಿದ್ದ. ಪೇಪರಿನಲ್ಲಿ ಅದನ್ನು ಓದಿದ ದಿನ ಇವಳು ಬಾತ್‌ರೂಮಿನಲ್ಲಿ ಕೂತು ಅತ್ತಳಂತೆ. ಆಮೇಲೆ ಮದುವೆ ಮಾತು ಬಂದಾಗ ಹುಡುಗನ ತಾಯಿ, "ಮಕ್ಕಳಿಗೆ ಏನೂ ತೊಂದರೆ ಆಗಲ್ವಾ?" ಅಂತ ಮೆಲ್ಲಗೆ ಕೇಳಿದರಂತೆ. ಫುಕುಶಿಮಾದ ಜನರ ಆರೋಗ್ಯದಲ್ಲಿ ವಿಕಿರಣದಿಂದ ಆಯ್ತು ಅನ್ನುವಂಥ ತೊಂದರೆ ಕಂಡುಬಂದಿಲ್ಲ ಅಂತ ವಿಶ್ವಸಂಸ್ಥೆಯ ವಿಜ್ಞಾನಿಗಳ ವರದಿ 2021ರಲ್ಲೇ ಹೇಳಿದೆ. ವರದಿಯನ್ನು ಯಾವ ಅತ್ತೆ ಓದುತ್ತಾಳೆ?

"ಇದನ್ನೆಲ್ಲ ಹೇಳೋಕೆ ಅವಳೊಬ್ಬಳೇ ಇದ್ದದ್ದು. ಅವಳ ಹತ್ರ ಮಾತೇ ನಿಂತುಹೋಗಿತ್ತು."

ಯಾಕೆ ನಿಂತಿತು? 2013ರ ಮಾರ್ಚಿನಲ್ಲಿ ಸರ್ಕಾರ ಊರನ್ನು ಮತ್ತೆ ವಿಂಗಡಿಸಿತು. ಒಂದು ಕಡೆ, ಮುಂದೆ ಯಾವತ್ತಾದರೂ ವಾಪಸ್ ಬರಬಹುದಾದ ಜಾಗ. ಇನ್ನೊಂದು ಕಡೆ, ವಾಪಸ್ ಬರುವುದು ಕಷ್ಟ ಅನ್ನೋ ಜಾಗ. ಯೊನೊಮೊರಿಯಲ್ಲಿ ಆ ಗೆರೆ ಬಿದ್ದದ್ದು ರಸ್ತೆಯ ಮೇಲೆ. ಆ ಬದಿಯ ಮನೆಗಳಿಗೆಲ್ಲ ಮಡಚುವ ಕಬ್ಬಿಣದ ಬೇಲಿ. ಈ ಬದಿಗೆ ಹಗಲು ಬಂದು ಹೋಗಬಹುದು, ಆ ಬದಿಗೆ ಪಾಸ್ ಬೇಕು, ರಕ್ಷಣೆಯ ಬಿಳಿ ಅಂಗಿ ಹಾಕಬೇಕು. ನಾನು ಅಳೆದ ಏಳು ಹೆಜ್ಜೆ ಇದೆಯಲ್ಲ, ಅದರ ನಡುವೆ.

"ಗಾಳಿಗೆ ರಸ್ತೆ ಗೊತ್ತಾ?" ಅಂದಳು.

ಪರಿಹಾರವೂ ಹಾಗೇ ಒಡೆಯಿತು. ಬೇಲಿಯಾಚೆಯವರಿಗೆ ತಲೆಗೆ ಸುಮಾರು 70 ಲಕ್ಷ ಯೆನ್ ಜಾಸ್ತಿ. "ಅವರಿಗೇನು ಕಷ್ಟ" ಅಂತ ಇವಳ ಅಪ್ಪ. "ನಿಮಗೆ ಮನೆಯಾದರೂ ಇದೆ, ನಮಗೆ ಅದೂ ಇಲ್ಲ" ಅಂತ ಅವಳ ಅಮ್ಮ. ಅಪ್ಪ ಅಮ್ಮಂದಿರ ಮಾತು ಮಕ್ಕಳ ಫೋನಿಗೆ ಬಂತು. ಪಲ್ಯದ ಬಟ್ಟಲು ದಾಟುತ್ತಿದ್ದ ರಸ್ತೆಯಲ್ಲಿ ಈಗ ದುಡ್ಡಿನ ಮಾತು. 2014ರಲ್ಲಿ ಇವಳು ಏನೋ ಬಿರುಸಾಗಿ ಬರೆದಳು. ಅವಳು "ಸರಿ" ಅಂತ ಉತ್ತರ ಕೊಟ್ಟಳು. ಅದೇ ಕೊನೆ.

ಮೀನುಗಾರರ ಟ್ರಕ್ಕಿನ ಹಾರ್ನ್ ಕೇಳಿಸಿತು. ಮೆಟ್ಟಿಲು ಇಳಿಯುವಾಗ ಗೆಳತಿಯ ಫೋನ್ ಅಲುಗಿತು. ಗೋಡೆಗೆ ಒರಗಿ ನೋಡಿದಳು. ನನಗೂ ತೋರಿಸಿದಳು. "ನಾಳೆ ಇವಾಕಿಗೆ ಬರೋಕಾಗುತ್ತಾ? ನಾನು ಅಲ್ಲೇ ಇರೋದು."

ಭಾನುವಾರ: ಇವಾಕಿಯಲ್ಲಿ ಮಳೆ

ಬೆಳಿಗ್ಗೆಯಿಂದ ಮಳೆ. ಯೊನೊಮೊರಿಯ ಉಳಿದ ಹೂವೂ ಇವತ್ತಿಗೆ ಮುಗಿಯಿತು ಅಂತ ತಂಗಿದ್ದ ಕಡೆಯ ಹೆಂಗಸು ಹೇಳಿದರು. ಎರಡು ಪ್ಲಾಸ್ಟಿಕ್ ಕೊಡೆ ಸುಮ್ನೆ ಕೊಟ್ಟರು, ವಾಪಸ್ ಬೇಡ ಅಂತ.

ಇವಾಕಿ ಸ್ಟೇಷನ್ ಹತ್ತಿರದ ಕಾಫಿ ಅಂಗಡಿ. ನಾನು ಬೇರೆ ಮೇಜಿನಲ್ಲಿ ಕೂರ್ತೀನಿ ಅಂದೆ, ಗೆಳತಿ ಬಿಡಲಿಲ್ಲ. ಎದುರುಮನೆಯವಳು ಹತ್ತು ನಿಮಿಷ ತಡವಾಗಿ ಬಂದಳು, ಒದ್ದೆ ಕೂದಲು, ಎದೆಗೆ ಅಪ್ಪಿ ಹಿಡಿದ ಬಟ್ಟೆಯ ಚೀಲ. ಇಬ್ಬರೂ ತಲೆ ಬಗ್ಗಿಸಿದರು, ಆಫೀಸಿನಲ್ಲಿ ಹೊಸಬರಿಗೆ ಮಾಡುವ ಹಾಗೆ. ನನಗೆ ಎದೆ ಹಿಂಡಿತು.

ಮೊದಲ ಅರ್ಧ ಗಂಟೆ ಏನೇನೋ ಮಾತು. ಅವಳು ದಾದಿ, ವಯಸ್ಸಾದವರ ಆರೈಕೆಯ ಕೆಲಸ. ಅವಳ ಅಜ್ಜಿ ತೀರಿಕೊಂಡು ಹತ್ತು ವರ್ಷ. ಊರು ಬಿಟ್ಟ ಮೇಲೆ ಆರು ಸಲ ಮನೆ ಬದಲಾಯಿಸಿದ್ದಕ್ಕೇ ಅಜ್ಜಿ ಕುಗ್ಗಿಹೋದರು ಅಂದಳು. ಫುಕುಶಿಮಾದಲ್ಲಿ ಸುನಾಮಿಗೆ ಸಿಕ್ಕಿ ಸತ್ತವರಿಗಿಂತ ಹೀಗೆ ಆಮೇಲೆ ಅಲೆದಾಟದಲ್ಲಿ, ಕೊರಗಿನಲ್ಲಿ ಸತ್ತವರೇ ಜಾಸ್ತಿ, 2,300ಕ್ಕೂ ಮೇಲೆ.

"ಮೂಲಂಗಿ ಅಜ್ಜಿ" ಅಂದಳು ನನ್ನ ಗೆಳತಿ.

"ಹೂಂ. ಕೊನೆಗೆ ನಿನ್ನ ಹೆಸರನ್ನೇ ನನಗೆ ಕರೀತಿದ್ದರು."

ಆಮೇಲೆ ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಕಾಫಿ ಆರಿತು. ಕೊನೆಗೆ ನನ್ನ ಗೆಳತಿ, "ಆ ರಾತ್ರಿ ನನ್ನನ್ನು ಯಾಕೆ ಎಬ್ಬಿಸಲಿಲ್ಲ?" ಅಂತ ಕೇಳಿದಳು. ಹದಿನೈದು ವರ್ಷದ ಹುಡುಗಿಯ ದನಿಯೇ ಅದು.

"ಎಬ್ಬಿಸೋಕೆ ಬಂದಿದ್ದೆ. ನೀನು ಮೂರು ರಾತ್ರಿ ಆದ ಮೇಲೆ ಅವತ್ತು ಮೊದಲ ಸಲ ನಿದ್ದೆ ಮಾಡಿದ್ದೆ. ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತಿದ್ದು ಹೋದೆ."

ದುಡ್ಡಿನ ಮಾತು ಯಾರೂ ಎತ್ತಲಿಲ್ಲ. ಎತ್ತಬೇಕಿತ್ತೇನೋ, ನನಗೆ ಗೊತ್ತಿಲ್ಲ.

ಹೊರಡುವ ಹೊತ್ತಿಗೆ ಅವಳು ಬಟ್ಟೆ ಚೀಲದಿಂದ ಆಲ್ಬಮ್ ತೆಗೆದಳು. ನನ್ನ ಗೆಳತಿಯದು ಮನೆಯ ಜೊತೆಗೇ ಹೋಯಿತು. ಇಲಿ, ಕಾಡುಹಂದಿ ನುಗ್ಗಿ, ಆಮೇಲೆ ಮನೆ ಕೆಡವುವಾಗ ಎಲ್ಲ ಸೇರಿ ಕಸವಾಯಿತು. ಎದುರುಮನೆಯವಳದು ಮಾತ್ರ ಪಾಸ್ ಸಿಕ್ಕ ಎರಡು ಗಂಟೆಯಲ್ಲಿ ಅವಳ ಅಪ್ಪ ಬಿಳಿ ಅಂಗಿಯೊಳಗೆ ಇಟ್ಟುಕೊಂಡು ತಂದದ್ದು. ನೀಲಿ ರಟ್ಟು, ಒಂದು ಮೂಲೆ ನೀರು ಕುಡಿದು ಉಬ್ಬಿದೆ. ಕೊನೆಯ ಹಾಳೆಗಳ ತುಂಬ ಬಣ್ಣಬಣ್ಣದ ಪೆನ್ನು, ಹೃದಯದ ಚಿತ್ರ, ನಕ್ಷತ್ರ. ನಡುವೆ ಒಂದು ಕಡೆ ಅಂಗೈ ಅಗಲದ ಜಾಗ ಖಾಲಿ. ಸುತ್ತ ಪೆನ್ಸಿಲ್ಲಿನಲ್ಲಿ ಚೌಕ ಹಾಕಿ, ಒಳಗೆ ನನ್ನ ಗೆಳತಿಯ ಹೆಸರು. ಬೇರೆ ಯಾರೂ ಬರೆಯದಿರಲಿ ಅಂತ ಆ ದಿನ ಶಾಲೆಯಲ್ಲೇ ಹಿಡಿದಿಟ್ಟ ಜಾಗ.

ಅವಳು ಪೆನ್ನು ಮುಂದಿಟ್ಟಳು. ಗೆಳತಿ ಮುಚ್ಚಳ ತೆಗೆದಳು, ಹಾಳೆಯ ಮೇಲೆ ಕೈ ಊರಿದಳು, ಮತ್ತೆ ಮುಚ್ಚಳ ಹಾಕಿದಳು.

"ಈಗ ಆಗಲ್ಲ. ಉದ್ದಕ್ಕೆ ಬರೀಬೇಕು."

"ಹಾಗಾದ್ರೆ ತಗೊಂಡು ಹೋಗು. ಬರೆದು ವಾಪಸ್ ಕೊಡು. ಪೋಸ್ಟಿನಲ್ಲಿ ಕಳಿಸಬೇಡ ಮತ್ತೆ."

ಟೋಕಿಯೋ ಕಡೆಯ ಗಾಡಿಯಲ್ಲಿ ಅವಳು ಕಿಟಕಿ ಪಕ್ಕ ಕೂತಳು. ಮಳೆಯಲ್ಲಿ ಹೊರಗೆ ಏನೂ ಕಾಣುತ್ತಿರಲಿಲ್ಲ. ಆಲ್ಬಮ್ ಒದ್ದೆಯಾಗದಿರಲಿ ಅಂತ ನನ್ನ ಚಟ್ನಿಪುಡಿ ಡಬ್ಬಿ ಸುತ್ತಿ ತಂದಿದ್ದ ಪ್ಲಾಸ್ಟಿಕ್ ಚೀಲವನ್ನು ಬಿಡಿಸಿ ಕೊಟ್ಟೆ. ಅದರಲ್ಲಿ ಎರಡು ಸುತ್ತು ಸುತ್ತಿ ತೊಡೆ ಮೇಲೆ ಇಟ್ಟುಕೊಂಡಳು. ಮಿತೊ ದಾಟುವಾಗ, "ಮೇ ತಿಂಗಳಲ್ಲಿ ಸಾಲು ರಜೆ ಇದೆ ಅಲ್ವಾ?" ಅಂತ ಕೇಳಿ, ಕ್ಯಾಲೆಂಡರ್ ನೋಡಲು ನನ್ನ ಫೋನ್ ಇಸ್ಕೊಂಡಳು.